ರಾಯಚರ್ಲುವಿನ ಹಗ್ಗದ ಮಂಚ

ನನ್ನ ಗೈಡ್ ಆಗಿದ್ದವರನ್ನು ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಅವರ ಕೈಕೆಳಗೆ ನಾನು ಪಿಎಚ್‌.ಡಿ.ಗೆ ಹಿಡಿದಿದ್ದು ಪದರ ಪದರವಾಗಿ ಏಳುವ ಲೋಹಗಳನ್ನು. ಅವನ್ನು ತೀರಾ ತಣ್ಣಗಾಗಿಸಿದರೆ ಒಳಗೆ ಹರಡಿಕೊಂಡಿದ್ದ ಎಲೆಕ್ಟ್ರಾನುಗಳು ಅಲೆಯ ಹಾಗೆ ಸಾಲುಸಾಲಾಗಿ ಗುಂಪುಗಟ್ಟುತ್ತವೆ, ಪರಮಾಣುಗಳೂ ಜಾಗ ಬಿಟ್ಟು ಸರಿಯುತ್ತವೆ. ಮೊದಲು ಕದಲಿದ್ದು ಯಾರು ಎಂಬುದೇ ನಮ್ಮ ಜಗಳ. ಎಲೆಕ್ಟ್ರಾನುಗಳೇ ಎಂದು ಅವರ ಹಟ. ಪರಮಾಣುಗಳ ಚೌಕಟ್ಟು ಎಲ್ಲಿ ಸಡಿಲವೋ ಅಲ್ಲೇ ಅಲೆ ಏಳುತ್ತದೆ ಎಂದು ನನ್ನ ಅಳತೆಗಳು ಹೇಳುತ್ತಿದ್ದವು, ಅದನ್ನೇ ಪ್ರಬಂಧದಲ್ಲಿ ಒಂದು ಅಧ್ಯಾಯವಾಗಿ ಬರೆದಿದ್ದೆ.

"ಸರ್, ನಮ್ಮೂರು ರಾಯಚರ್ಲುನಲ್ಲಿ ನಮ್ಮನೇಲಿ ಒಂದು ಹಗ್ಗದ ಮಂಚ ಇದೆ. ಯಾರು ಎಲ್ಲಿ ಕೂತ್ರೂ ಕೊನೆಗೆ ಒಂದೇ ಕಡೆ ಜಾರಿ ಒಬ್ಬರ ಮೇಲೊಬ್ಬರು ಬೀಳ್ತೀವಿ. ಅಲ್ಲಿ ಹಗ್ಗ ಸಡಿಲ," ಎಂದೆ.

ಅವರು ನಕ್ಕರು. "ಕುರಿ ಕಾಯೋರ ಮನೆ ಮಂಚದಿಂದ ನಾನು ಫಿಸಿಕ್ಸ್ ಕಲಿಬೇಕೇನಮ್ಮ? ಆ ಅಧ್ಯಾಯ ಕಿತ್ತಾಕು, ಆಮೇಲೆ ಸೈನ್ ಹಾಕ್ತೀನಿ."

ನಾನು ಕೀಳಲಿಲ್ಲ, ಅವರು ಸೈನ್ ಹಾಕಲಿಲ್ಲ. "ಓಗ್ಲಿ ಬುಡಮ್ಮ, ಅವ್ರು ಏಳ್ದಂಗೆ ಕಿತ್ತಾಕ್ಬುಡು," ಎಂದ ಅಮ್ಮನ ಮೇಲೂ ಹರಿಹಾಯ್ದೆ. ಡಿಗ್ರಿ ಕೈತಪ್ಪಿತು. ಮಧುಗಿರಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ಹೆಸರಿಗೆ ಅತಿಥಿ, ಯಾವಾಗ ಬೇಕಾದರೂ ಎಬ್ಬಿಸಿ ಕಳಿಸಬಹುದು.

ಹೋದ ವರ್ಷ ಆ ಕಾಲೇಜಿನ ಸಮಾರಂಭಕ್ಕೆ ಮುಖ್ಯ ಅತಿಥಿಯಾಗಿ ಬಂದಿದ್ದು ಅದೇ ಗೈಡ್. ಸ್ವಾಗತ ಭಾಷಣ ಕಾಯಂ ಆದವರಿಗೆ, ಎಲ್ಲರೂ ಏಳುವ ಹೊತ್ತಿನ ವಂದನಾರ್ಪಣೆ ನಮ್ಮಂಥವರಿಗೆ. ಅದು ನಮ್ಮಲ್ಲಿನ ಪದ್ಧತಿ. ಅವತ್ತು ನನ್ನ ತಲೆಗೆ ಕಟ್ಟಿದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದಮೇಲೆ ಅವರು ಮೈಕ್ ಹಿಡಿದು ಅಲೆಯ ಮೂಲ ವಿವರಿಸಲು ನಿಂತರು.

"ಒಂದು ಹಗ್ಗದ ಮಂಚ ನೆನೆಸ್ಕೊಳ್ಳಿ ಮಕ್ಕಳೇ. ಹಗ್ಗ ಎಲ್ಲಿ ಸಡಿಲವೋ ಎಲ್ಲರೂ ಅಲ್ಲಿಗೇ ಜಾರ್ತಾರೆ. ಇದು ನನಗೆ ಬಹಳ ಹಿಂದೆಯೇ ಹೊಳೆದಿತ್ತು."

ಚಪ್ಪಾಳೆಯೋ ಚಪ್ಪಾಳೆ. ನನ್ನ ಸರದಿ ಬಂತು.

ಎದ್ದುಹೋಗಿ ಪ್ರಿನ್ಸಿಪಾಲರಿಗೆ, ಶಾಮಿಯಾನದವರಿಗೆ, ಮೈಕ್ ಸೆಟ್ಟಿನವರಿಗೆ ಕ್ರಮವಾಗಿ ವಂದಿಸಿದೆ. ಕೊನೆಗೆ ಅವರತ್ತ ತಿರುಗಿದೆ.

"ಸರ್, ಆ ಮಂಚ ರಾಯಚರ್ಲುನಲ್ಲಿದೆ, ಕುರಿ ಕಾಯೋರ ಮನೇಲಿ. ಅದನ್ನ ಬರೆದಿದ್ದಕ್ಕೇ ನೀವು ನನಗೆ ಸೈನ್ ಹಾಕಲಿಲ್ಲ. ಇಷ್ಟು ವರ್ಷದ ಮೇಲೆ ಬಂದು ಅದರ ಮೇಲೆ ಕೂತಿದ್ದೀರಿ. ತಮಗೆ ವಂದನೆಗಳು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ವಾರ ನನ್ನ ಪಾಠಗಳನ್ನೆಲ್ಲ ಬೇರೆಯವರಿಗೆ ಕೊಟ್ಟರು.