ಆಸ್ಟಾಳ ಬಾಯಿಗೆ ಕೈ ಹಾಕುವವಳು

ವರ್ನಾ ಹ್ಯಾಸ್ಕೆಲ್ ನಮ್ಮೂರಿನ ಅಂಗಡಿಗೆ ಬಂದಳೆಂದರೆ ಅವಳಿಗಿಂತ ಮೊದಲು ಹೆರಿಂಗ್ ಮೀನಿನ ವಾಸನೆ ಒಳಗೆ ಬರುತ್ತಿತ್ತು. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗುವಂಥದ್ದಲ್ಲ ಅದು. ಅವಳು ಕೆಲಸ ಮುಗಿಸಿ ಹೊರಟದ್ದು ಮೊದಲು ಬೀದಿಯ ಬೆಕ್ಕುಗಳಿಗೆ ಗೊತ್ತಾಗುತ್ತದೆ, ಅವು ಎದ್ದು ನಿಂತ ಮೇಲೆಯೇ ತಾನು ಕಾಫಿಗೆ ನೀರಿಡುವುದು ಎಂದು ಗಂಡ ಗ್ಲೆನ್ ತಮಾಷೆ ಮಾಡುತ್ತಿದ್ದ. ಫ್ಲೋರಿಡಾದ ಈ ಕಡಲತೀರದಲ್ಲಿ ನಮ್ಮ ಅರ್ಧ ಊರಿನ ಹೊಟ್ಟೆ ತುಂಬಿಸುತ್ತಿದ್ದದ್ದೇ ಆ ತಿಮಿಂಗಿಲದ ಕೊಳಗಳು. ಟಿಕೆಟು ಹರಿಯುವವರು, ಐಸ್‌ಕ್ರೀಮ್ ಮಾರುವವರು, ಹೋಟೆಲಿನವರು, ಎಲ್ಲರೂ ಅದನ್ನೇ ನಂಬಿದವರು. ಆದರೆ ಆಸ್ಟಾಳ ಬಾಯಿಗೆ ಕೈ ಹಾಕುವವಳು ವರ್ನಾ ಒಬ್ಬಳೇ.

ಆಸ್ಟಾ ಎಂಬ ಆ ಓರ್ಕಾ ತಿಮಿಂಗಿಲವನ್ನು ಹಾಲು ಕುಡಿಯುವ ಮರಿಯಾಗಿದ್ದಾಗಲೇ ಐಸ್‌ಲ್ಯಾಂಡಿನ ಕಡಲಿನಿಂದ ಹಿಡಿದು ತಂದಿದ್ದರು. ಕೊಳ ಎಷ್ಟು ದೊಡ್ಡದು ಎಂದು ಆಟ ತೋರಿಸುವಾಗ ಮೈಕಿನಲ್ಲಿ ಎಷ್ಟೇ ಕೊಚ್ಚಿಕೊಂಡರೂ ಅವಳು ನಾಲ್ಕು ಸಲ ಬಾಲ ಬೀಸಿದರೆ ಮುಂದೆ ಗೋಡೆ. ಮಾಡುವುದಕ್ಕೆ ಬೇರೇನೂ ಇಲ್ಲದೆ ಅವಳು ಮುಂದಿನ ಕೊಳ, ಹಿಂದಿನ ಕೊಳಗಳ ನಡುವಿನ ಗೇಟಿನ ಕಂಬಿ ಕಚ್ಚುತ್ತಾ ಕೂರುತ್ತಿದ್ದಳು. ವರ್ಷಗಟ್ಟಲೆ ಕಚ್ಚಿ ಕಚ್ಚಿ ಕೆಳಗಿನ ಹಲ್ಲುಗಳು ಬುಡದವರೆಗೆ ಸವೆದುಹೋದವು. ಡಾಕ್ಟರು ಬಂದು ಒಳಗಿನ ಕೊಳೆತದ್ದನ್ನು ತೆಗೆಯಲು ಒಂದೊಂದನ್ನೂ ಕೊರೆದರು. ಅಲ್ಲಿಂದಾಚೆಗೆ ದಿನಾ ಬೆಳಿಗ್ಗೆ ಆ ತೂತುಗಳಿಗೆ ಸಣ್ಣ ಕೊಳವೆಯಿಂದ ನೀರು ಬಿಟ್ಟು ತೊಳೆಯಬೇಕು, ಇಲ್ಲದಿದ್ದರೆ ಕೀವು ಕಟ್ಟಿ ರಕ್ತಕ್ಕೆ ಇಳಿಯುತ್ತದೆ. ಬೇರೆಯವರು ಹೋದರೆ ಆಸ್ಟಾ ಬಾಯಿ ಬಿಡುತ್ತಿರಲಿಲ್ಲ. ವರ್ನಾ ಅಂಚಿನಲ್ಲಿ ಮಂಡಿಯೂರಿ ಕೂತರೆ ಬಂದು ಗಲ್ಲ ಒರಗಿಸಿ ಬಾಯಿ ತೆರೆಯುತ್ತಿದ್ದಳು.

ಕೊಳದ ಕೆಲಸದಲ್ಲಿ ಎಲ್ಲವೂ ಸನ್ನೆ ಮತ್ತು ಸೀಟಿಯ ಮೇಲೆ ನಡೆಯುತ್ತದೆ. ಸೀಟಿಗೆ ಒಂದೇ ಅರ್ಥ: ಸರಿಯಾಗಿ ಮಾಡಿದೆ, ಮೀನು ಬರುತ್ತದೆ. ಕ್ಷಣ ತಡವಾದರೂ ತಾನು ಮಾಡಿದ್ದರಲ್ಲಿ ಯಾವುದು ಸರಿ ಎಂದು ಪ್ರಾಣಿಗೆ ತಿಳಿಯುವುದಿಲ್ಲ. ಹಾಗಾಗಿ ಅಲ್ಲಿನವರು ಯೋಚಿಸಿ ಊದುವುದಿಲ್ಲ; ಕಣ್ಣಿಗೆ ಕಂಡೊಡನೆ ಉಸಿರು ತಾನೇ ಹೋಗುತ್ತದೆ. ಗ್ಲೆನ್ ತಟ್ಟೆ ತೊಳೆದಿಟ್ಟರೂ ವರ್ನಾಳ ತುಟಿ ಸೀಟಿ ಊದಲು ಮುಂದಾಗುತ್ತಿತ್ತು.

ಆಸ್ಟಾಳ ಮರಿ ಪಿಪ್‌ನನ್ನು ಬೇರೆ ರಾಜ್ಯದ ಕೊಳಕ್ಕೆ ಕೊಡುವುದೆಂದು ಮೇಲಿನವರು ತೀರ್ಮಾನಿಸಿದರು. ಸುದ್ದಿ ತಂದವನು ಡ್ವೈಟ್ ಕೋಲ್ಟರ್. ಒಂದು ಕಾಲಕ್ಕೆ ವರ್ನಾಳ ಜೊತೆ ಮೀನಿನ ಬಕೆಟು ತಿಕ್ಕಿದವನು, ಈಗ ಅವಳ ಮೇಲಧಿಕಾರಿ. ಹಲ್ಲು ತೊಳೆಯುವ ನೆಪದಲ್ಲಿ ವರ್ನಾ ತಾಯಿಯನ್ನು ಹಿಂದಿನ ಕೊಳಕ್ಕೆ ಕರೆಯಬೇಕು, ಗೇಟು ಮುಚ್ಚಬೇಕು, ಮುಂದಿನ ಕೊಳದಿಂದ ಮರಿಯನ್ನು ಕ್ರೇನಿನಲ್ಲಿ ಎತ್ತಬೇಕು. ಇದು ಅವನ ಲೆಕ್ಕಾಚಾರ.

"ಮರಿ ದೊಡ್ಡದಾಯ್ತಲ್ಲೇ, ಇನ್ನೇನು ಹಾಲು ಕುಡಿಯುತ್ತಾ?" ಎಂದ.

"ಕಡಲಲ್ಲಿದ್ದಿದ್ರೆ ಸಾಯೋ ತನಕ ಅಮ್ಮನ ಪಕ್ಕ ಬಿಡ್ತಿರ್ಲಿಲ್ಲ. ನಿಂಗೂ ಗೊತ್ತು ಅದು. ನನ್ನ ಹತ್ರ ಯಾಕೋ ಈ ನಾಟಕ?"

"ಸರಿ, ನೀನು ಕರೀಬೇಡ. ಬಲೆ ಹಾಕ್ತಾರೆ. ಬಲೇಲಿ ತಾಯಿ ಮಗ ಇಬ್ರೂ ಒದ್ದಾಡೋದನ್ನ ನಿಂತ್ಕೊಂಡು ನೋಡು."

ತಿಮಿಂಗಿಲವೊಂದು ಬಲೆಯಲ್ಲಿ ಉಸಿರುಗಟ್ಟಿ ಸತ್ತದ್ದನ್ನು ವರ್ನಾ ಒಮ್ಮೆ ನೋಡಿದ್ದಳು. ಹೇಗೂ ಆಗುವುದು ಆಗಿಯೇ ಆಗುತ್ತದೆ, ತಾನು ಮಾಡಿದರೆ ಸದ್ದಿಲ್ಲದೆ ಆದೀತು ಎಂದುಕೊಂಡಳು. ನಮ್ಮೂರಿನಲ್ಲಿ ಕೊಳದ ಕೆಲಸ ಮಾಡಿದವರೆಲ್ಲ ಒಂದಲ್ಲ ಒಂದು ದಿನ ಹೀಗೆ ಅಂದುಕೊಂಡವರೇ. ಅವಳೊಬ್ಬಳನ್ನೇ ಬೈದು ಏನು ಬಂತು?

ಮರುದಿನ ಬೆಳಿಗ್ಗೆ ವರ್ನಾ ಹಿಂದಿನ ಕೊಳದ ಅಂಚಿನಲ್ಲಿ ಮಂಡಿಯೂರಿ ನೀರು ತಟ್ಟಿದಳು. ಆಸ್ಟಾ ಗೇಟಿನವರೆಗೆ ಬಂದು ನಿಂತಳು. ಕ್ರೇನು ನೋಡಿದಳೋ, ವರ್ನಾಳ ಮುಖ ನೋಡಿದಳೋ. ಒಮ್ಮೆ ಹಿಂದಕ್ಕೆ ತಿರುಗಿ ಪಿಪ್‌ನ ಮೈ ಸವರಿದಳು. ವರ್ನಾ ಇನ್ನೊಮ್ಮೆ ತಟ್ಟಿದಳು. ಆಸ್ಟಾ ನಂಬಿ ಬಂದಳು. ಬಾಲದ ತುದಿ ಗೇಟು ದಾಟಿತು, ಸಹೋದ್ಯೋಗಿ ಯೊಲಾಂಡಾ ಗೇಟಿನ ಹಿಡಿಕೆ ಒತ್ತಿದಳು, ಅದೇ ಕ್ಷಣಕ್ಕೆ ವರ್ನಾಳ ಬಾಯಲ್ಲಿದ್ದ ಸೀಟಿ ಕೂಗಿತು.

ಶಭಾಷ್, ಸರಿಯಾಗಿ ಮಾಡಿದೆ. ಮಗನನ್ನು ಬಿಟ್ಟು ಬಂದೆಯಲ್ಲ, ತಗೋ ಮೀನು. ಅದೇ ಅಲ್ಲವೇ ಅದರ ಅರ್ಥ? ಅಷ್ಟರಲ್ಲಿ ಆಚೆ ಕಡೆ ಪಿಪ್ ಕ್ರೇನಿನ ಜೋಲಿಯಲ್ಲಿ ಕಿರುಚುತ್ತಾ ಮೇಲೇರಿದ. ಆಸ್ಟಾ ಗೇಟಿಗೆ ತಲೆ ಗುದ್ದಿದಳು. ಮರಿಯ ಲಾರಿ ಹೊರಟುಹೋದ ಮೇಲೆ ಅವಳು ಕೂಗಿದ ಕೂಗನ್ನು ಅಷ್ಟು ವರ್ಷ ಅಲ್ಲಿದ್ದವರು ಯಾರೂ ಕೇಳಿರಲಿಲ್ಲ. ಯೊಲಾಂಡಾ ಕಿವಿ ಮುಚ್ಚಿಕೊಂಡು ಅತ್ತಳು.

ಆಮೇಲೆ ಆಸ್ಟಾ ಬಾಯಿ ತೆರೆಯಲಿಲ್ಲ. ಮೀನು ಮುಟ್ಟಲಿಲ್ಲ. ಹುಚ್ಚೆದ್ದರೆ ಕಷ್ಟ ಎಂದು ಡ್ವೈಟ್ ಗೇಟು ಮುಚ್ಚಿಯೇ ಇಡಿಸಿದ್ದ. ಅವಳು ಗೋಡೆಗೆ ಮುಖ ಮಾಡಿ ಅಲ್ಲಾಡದೆ ತೇಲುತ್ತಿದ್ದಳು. ದವಡೆ ಊದಿತು, ಬಿಡುವ ಉಸಿರು ನಾರತೊಡಗಿತು. ಕೀವು ರಕ್ತ ಸೇರುವ ಮೊದಲು ಹೇಗಾದರೂ ತೊಳೆಯಲೇಬೇಕು, ಇಲ್ಲವಾದರೆ ಮದ್ದು ಕೊಟ್ಟು ಮತ್ತು ಬರಿಸಬೇಕಾಗುತ್ತದೆ, ಮತ್ತಿನಲ್ಲಿ ತಿಮಿಂಗಿಲ ಉಸಿರಾಡುವುದನ್ನೇ ಮರೆತು ಸಾಯಬಹುದು ಎಂದು ಡಾಕ್ಟರು ಹೇಳಿಬಿಟ್ಟರು. ವರ್ನಾ ಕೊಳವೆ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಅಂಚಿನಲ್ಲೇ ಕೂತಳು. ಮನೆಗೆ ಹೋದರೆ ಊಟ ಸೇರುತ್ತಿರಲಿಲ್ಲ. ಕೆಲಸ ಬಿಟ್ಟುಬಿಡು ಎಂದ ಗ್ಲೆನ್‌ಗೆ, ಬಿಟ್ಟರೆ ಅವಳು ಸಾಯುತ್ತಾಳೆ ಎಂದಷ್ಟೇ ಹೇಳಿದಳು.

ಕೊನೆಗೆ ಒಂದು ಬೆಳಿಗ್ಗೆ ಆಸ್ಟಾ ತಾನಾಗಿ ತೇಲಿ ಬಂದಳು. ಅಂಚಿಗೆ ಗಲ್ಲ ಒರಗಿಸಿ ಬಾಯಿ ತೆರೆದಳು. ವರ್ನಾಳಿಗೆ ಹೋದ ಜೀವ ಬಂದಂತಾಯಿತು. ಕೊಳವೆ ಹಿಡಿದು ಮೊಣಕೈವರೆಗೆ ಕೈ ಒಳಗೆ ಹಾಕಿದಳು.

ಬಾಯಿ ಮುಚ್ಚಿತು.

ಕಚ್ಚಲಿಲ್ಲ. ಹಿಡಿದುಕೊಂಡಳು. ಮೇಲಿನ ಹಲ್ಲುಗಳು ಚರ್ಮದ ಮೇಲೆ ಊರಿ ನಿಂತವು, ಇನ್ನೊಂದು ಚೂರು ಒತ್ತಿದರೆ ಕೈ ಇಲ್ಲ. ಯೊಲಾಂಡಾ ಅಪಾಯದ ಗಂಟೆಯತ್ತ ಓಡಿದಳು.

"ಬಾರಿಸ್ಬೇಡ ಕಣೆ," ಎಂದಳು ವರ್ನಾ ದನಿ ಎತ್ತದೆ. "ಗಾಬರಿಯಾದ್ರೆ ನನ್ನ ಕೈ ಹೋಗುತ್ತೆ. ಅಲ್ಲೇ ನಿಲ್ಲು."

ಕೈ ಎಳೆದುಕೊಂಡರೆ ಇವು ಇನ್ನೂ ಬಿಗಿ ಹಿಡಿಯುತ್ತವೆ ಎನ್ನುವುದು ಕೊಳದವರಿಗೆಲ್ಲ ಗೊತ್ತು. ವರ್ನಾ ಎಳೆದುಕೊಳ್ಳಲಿಲ್ಲ. ಆಸ್ಟಾ ಮೆಲ್ಲಗೆ ಹಿಂದೆ ಸರಿದಳು. ವರ್ನಾ ಅಂಚಿನಿಂದ ಜಾರಿ ನೀರಿಗಿಳಿದಳು. ಮುಳುಗಿಸಿಬಿಡುತ್ತಾಳೆ, ಇವತ್ತಿಗೆ ನನ್ನ ಕಥೆ ಮುಗಿಯಿತು, ಮುಗಿಯಲಿ, ನನಗೆ ಆಗಬೇಕಾದದ್ದೇ ಎಂದುಕೊಂಡಳು. ಆಸ್ಟಾ ಮುಳುಗಿಸಲಿಲ್ಲ. ಮಗುವನ್ನು ಕೈಹಿಡಿದು ಕರೆದೊಯ್ಯುವ ಹಾಗೆ ಕೊಳದ ಉದ್ದಕ್ಕೂ ಕರೆದೊಯ್ದು, ಗೇಟಿನ ಕಂಬಿಗೆ ಅವಳ ಭುಜ ತಾಗಿಸಿ ನಿಂತಳು.

ಡ್ವೈಟ್ ಓಡಿಬಂದಿದ್ದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಗೇಟು ತೆಗೆಸು," ಎಂದಳು ವರ್ನಾ.

"ಹುಚ್ಚೇನೇ ನಿಂಗೆ? ಮುಂದಿನ ಕೊಳಕ್ಕೆ ಎಳ್ಕೊಂಡು ಹೋದ್ರೆ?"

"ಅವಳು ಕೇಳ್ತಿರೋದು ಅದೊಂದೇ ಕಣೋ. ತೆಗಿ ಅಂದ್ರೆ ತೆಗಿ."

ಡ್ವೈಟ್ ಹೂಂ ಅನ್ನುವ ಮೊದಲೇ ಯೊಲಾಂಡಾ ಹಿಡಿಕೆ ಎತ್ತಿದಳು. ಗೇಟು ತೆರೆದೊಡನೆ ಆಸ್ಟಾ ಕೈ ಬಿಟ್ಟು ಮುಂದಿನ ಕೊಳಕ್ಕೆ ನುಗ್ಗಿದಳು. ವರ್ನಾಳನ್ನು ಡ್ವೈಟ್ ರಟ್ಟೆ ಹಿಡಿದು ಮೇಲೆಳೆದುಕೊಂಡ. ಕೈತುಂಬ ನೀಲಿಗಟ್ಟಿತ್ತು, ಮೂಳೆ ಮುರಿದಿರಲಿಲ್ಲ.

ಆಸ್ಟಾ ಖಾಲಿ ಕೊಳದ ಮೂಲೆಮೂಲೆ ಹುಡುಕಿದಳು. ಕೂಗಿ, ನಿಂತು, ಕಿವಿಗೊಟ್ಟಳು. ಆಮೇಲೆ ಯಾರೂ ಕರೆಯದೆಯೇ ಗೇಟು ದಾಟಿ ಹಿಂದಿನ ಕೊಳಕ್ಕೆ ಬಂದಳು, ಅವತ್ತು ಬಂದ ಹಾಗೆಯೇ, ನೀಟಾಗಿ. ಸರಿಯಾಗಿ ಮಾಡಿದೆನಲ್ಲ, ಕೊಡು ಎನ್ನುವಂತೆ ವರ್ನಾಳ ಎದುರು ತಲೆ ಎತ್ತಿ ನೋಡಿದಳು. ಯೊಲಾಂಡಾ ಎಸೆದ ಮೀನಿಗೆ ಕ್ಯಾರೇ ಅನ್ನಲಿಲ್ಲ. ತಿರುಗಿ ಹೋಗಿ ಮುಂದಿನ ಕೊಳ ನೋಡಿದಳು. ಮತ್ತೆ ಗೇಟು ದಾಟಿ ಬಂದಳು. ಮತ್ತೆ ಹೋದಳು. ಎಷ್ಟು ಸಲವೋ. ಬಿಸಿಲು ಏರಿದ ಮೇಲೆ ಸುಸ್ತಾಗಿ ಬಂದು ಬಾಯಿ ತೆರೆದಳು. ವರ್ನಾ ಇನ್ನೊಂದು ಕೈ ಹಾಕಿ ಕೀವು ತೊಳೆದಳು.

"ನೋಡಿದ್ಯಾ, ಮರೆತೇಬಿಟ್ಲು," ಎಂದ ಡ್ವೈಟ್, ಬೆವರು ಒರೆಸಿಕೊಳ್ಳುತ್ತಾ.

ವರ್ನಾ ಕೊಳವೆ ಸುತ್ತಿಟ್ಟಳು.

ದವಡೆ ವಾಸಿಯಾಯಿತು. ಆಸ್ಟಾ ಬದುಕಿದಳು, ವರ್ಷಗಳ ಕಾಲ. ವರ್ನಾ ಕೆಲಸ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಊರಿನಲ್ಲಿ ಕೇಳಿದವರುಂಟು, ಸಂಬಳದಾಸೆ ಎಂದು ಆಡಿಕೊಂಡವರೂ ಉಂಟು. ದಿನಾ ಬೆಳಿಗ್ಗೆ ಬಾಯಿ ತೆರೆಯುವ ಮೊದಲು ಆಸ್ಟಾ ಗೇಟು ದಾಟಿ ಬಂದು ಅವಳ ಮುಖ ನೋಡುತ್ತಿದ್ದಳು, ಹಿಂದೆ ತಿರುಗಿ ಮುಂದಿನ ಕೊಳ ನೋಡುತ್ತಿದ್ದಳು, ಪುನಃ ಅವಳ ಮುಖ ನೋಡುತ್ತಿದ್ದಳು. ಜಿಗಿ ಎನ್ನಲು, ತಿರುಗು ಎನ್ನಲು, ಜನರಿಗೆ ಕೈಬೀಸು ಎನ್ನಲು ವರ್ನಾಳ ಕೈಯಲ್ಲಿ ಬೇಕಾದಷ್ಟು ಸನ್ನೆಗಳಿದ್ದವು. ನಿನ್ನ ಮಗ ಇನ್ನು ಬರುವುದಿಲ್ಲ ಎನ್ನುವುದಕ್ಕೆ ಒಂದೂ ಇರಲಿಲ್ಲ.