ರಕ್ಕಸಿ ನೇಯ್ದ ಸೀರೆ

ಗೆಳೆಯರೇ, ಕಿನ್ನರ ಕಥೆ, ಕವಿತೆಗಳನ್ನೇ ಅಚ್ಚು ಹಾಕುವ ಮಾಸಪತ್ರಿಕೆಯಲ್ಲಿ ನನ್ನ ಕಥೆ ಬಂದಿದೆ. ಐದನೆಯ ಇಯತ್ತೆಗೇ ಶಾಲೆ ಬಿಟ್ಟವನಿಗೆ ಅದು ಸಣ್ಣ ಮಾತಲ್ಲ. ಆದರೆ ಕಥೆಯ ರಕ್ಕಸಿಗೆ ನಾನು ಪಕ್ಕದ ಮನೆಯ ಗಂಗವ್ವತ್ತೆಯ ಗದ್ದದ ಮಚ್ಚೆ, ತಂಬಾಕಿನ ಚಂಚಿ ಎರಡನ್ನೂ ಕೊಟ್ಟುಬಿಟ್ಟಿದ್ದೆ. ನಮ್ಮ ಬನಹಟ್ಟಿಯಲ್ಲಿ ಯಾರು ಓದುತ್ತಾರೆ ಅಂದುಕೊಂಡಿದ್ದೆ.

ಇವತ್ತು ನಮ್ಮ ಮನೆಗೆ ಬೀಗ ಕಂಡು ಅಂಚೆಯವನು ಪತ್ರಿಕೆಯನ್ನು ಅವಳ ಕೈಗೇ ಕೊಟ್ಟಿದ್ದಾನೆ. ನಾನು ಬರುವಷ್ಟರಲ್ಲಿ ಅವಳು ಮಗ್ಗ ನಿಲ್ಲಿಸಿ ಸೊಸೆಯಿಂದ ಓದಿಸುತ್ತಿದ್ದಳು. ಮಚ್ಚೆ ಬಂತು, ಚಂಚಿ ಬಂತು, ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಬಾಗಿಲ ಮರೆಗೆ ಸರಿದೆ. ಕಥೆಯ ಕೊನೆಗೆ ರಕ್ಕಸಿ ಒಂದು ಚಪ್ಪಾಳೆ ತಟ್ಟಿ ರಾಜಕುಮಾರಿಗೆ ಸೀರೆ ನೇಯ್ದಳು.

"ಲೇ, ಇಲ್ಲಿ ಬಾ," ಅಂದಳು ಅತ್ತೆ. "ಮಗ್ಗಕ್ಕ ಹಾಸಿನ ನೂಲು ಏರಿಸದನ ಸೀರಿ ಹೆಂಗ ನೇಯ್ದಾಳು?"

"ಆಕಿ ರಕ್ಕಸಿ ಅಲ್ಲೇನ್ರಿ ಅತ್ತಿ, ಮಾಯಾ ಮಾಡ್ತಾಳ."

"ಮಂದೀನ ತಿನ್ನಲಿ, ಗಾಳ್ಯಾಗ ಹಾರಲಿ, ನಂದೇನೂ ತಕರಾರಿಲ್ಲ. ಆದ್ರ ನಾ ಹಂಗ ನೇಯೂದಿಲ್ಲ ಅಂತ ಪೇಪರಿನವ್ರಿಗೆ ಬರಿ."

ಈಗ ಸಂಪಾದಕರಿಗೆ ಕಾರ್ಡು ಬರೆಯುತ್ತಾ ಕುಳಿತಿದ್ದೇನೆ. ತಿದ್ದುಪಡಿ ಕೇಳಿದವರು ರಕ್ಕಸಿ ಎಂದು ಹಾಕಲೋ, ಗಂಗವ್ವ ಎಂದು ಹಾಕಲೋ, ಅದೊಂದೇ ಚಿಂತೆ ಉಳಿದಿದೆ.