ಮಗಳನ್ನು ಬಿಡಲು ಮೂರು ಊರು, ಮೂರು ದನಿ

ನನಗೆ ಹೊಟ್ಟೆಕಿಚ್ಚಿದೆ. ಮೊದಲೇ ಹೇಳಿಬಿಡುತ್ತೇನೆ, ನೀವಾಗಿ ಕಂಡುಹಿಡಿದು ನಗುವುದಕ್ಕಿಂತ ಇದೇ ವಾಸಿ. ಬಾಜೂಮನೆಯವನ ಹೊಸ ಕಾರು ಕಂಡಾಗ ಹತ್ತುವಂಥ ಕಿಚ್ಚಲ್ಲ ಇದು. ಅದು ಕಾರಿಗೆ ಮೊದಲ ಗೀರು ಬಿದ್ದ ದಿನ ತಾನಾಗಿ ಆರುತ್ತದೆ. ನನ್ನದು ಮೂಡಲಗಿಯ ಹಸಿರು ಬಾಗಿಲಿನ ಮನೆಯೊಂದರಲ್ಲಿ ಹನ್ನೆರಡು ಕೂಸುಗಳಿಗೆ ಅನ್ನ ಕಲಸಿ ಉಣಿಸುವ ಐವತ್ತು ದಾಟಿದ ಹೆಂಗಸಿನ ಮೇಲಿನ ಹೊಟ್ಟೆಕಿಚ್ಚು. ಹೆಸರು ಮಾದೇವಕ್ಕ.

ನಾನು ಮಂದಿಯ ದನಿ ಕದಿಯುವವನು. ಹೊಟ್ಟೆಪಾಡಿಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಆರ್ಡರ್ ಹಿಡಿಯುತ್ತ ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತುತ್ತೇನೆ. ಆದರೆ ಜನ ಗುರುತು ಹಿಡಿಯುವುದು ದನಿಗಳಿಂದ. ನಾಮಕರಣವಿರಲಿ, ನಿಶ್ಚಯವಿರಲಿ, ಊಟವಾದ ಮೇಲೆ ಯಾರಾದರೂ ಒಬ್ಬರು 'ಏ, ಕಂಡಕ್ಟರನ ದನಿ ಮಾಡೋ' ಅನ್ನುತ್ತಾರೆ. ನಾನು ಕಾಯುತ್ತಲೇ ಇರುತ್ತೇನೆ. ನಮ್ಮ ತುಕ್ಕಾನಟ್ಟಿಯಲ್ಲಿ ನನ್ನಿಂದ ಅಣಕಿಸಿಕೊಳ್ಳದವರು ಇದ್ದರೆ ಅವರು ಇನ್ನೂ ಮಾತು ಬಾರದ ಕೂಸುಗಳು ಮಾತ್ರ. ನನ್ನ ಮಾವನವರ ದನಿಯನ್ನು ಮಾವನವರ ಎದುರೇ ಮಾಡಿ, ಒಂದು ವರ್ಷ ಹಬ್ಬದ ಕರೆಯಿಲ್ಲದೆ ಕೂತ ಧೀರ ನಾನು.

ಮಗಳು ಸಾನ್ವಿಗೆ ಎರಡು ತುಂಬಿದಾಗ ನನ್ನ ಹೆಂಡತಿ ಸವಿತಾಗೆ ಮೂಡಲಗಿಯ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ನನ್ನ ಅವ್ವ ಬೆಳಗಾದರೆ ಹೊಲಕ್ಕೆ ಹೋಗುವವಳು. ಕೂಸನ್ನು ಎಲ್ಲಿ ಬಿಡುವುದು? ಸವಿತಾಳ ಷರತ್ತು ಒಂದೇ: ಪರವಾನಗಿ ಇದ್ದ ಜಾಗವೇ ಆಗಬೇಕು. "ಸರಕಾರದ ಕಾಗದ ಕಣ್ಣಿಗೆ ಬೀಳಬೇಕ್ರಿ" ಎಂದಳು. ಲೈಸೆನ್ಸಿನ ಮಹತ್ವದ ಬಗ್ಗೆ ನಾನೂ ನಾಲ್ಕು ಮಾತು ಸೇರಿಸಿದೆ. ಅವಳು ನನ್ನ ಬೈಕಿನ ಕಡೆ ನೋಡಿ, "ನಿಮ್ಮದು ಮುಗದ ಎಷ್ಟ ತಿಂಗಳಾತು?" ಎಂದು ಕೇಳಿದಳು. ನಾನು ವಿಷಯ ಬದಲಿಸಿದೆ.

ವಿಚಾರಿಸಿದಾಗ ಊರಿಗೊಂದರಂತೆ ಕೂಸು ನೋಡಿಕೊಳ್ಳುವ ಮೂರು ಮನೆಗಳ ಹೆಸರು ಬಂದವು. ಗೋಕಾಕದ್ದೋ ಹುಕ್ಕೇರಿಯದೋ ಆದರೆ ಸಾನ್ವಿ ನನ್ನ ಬೈಕಿನ ಮುಂದೆ ಕೂತು ಬರುತ್ತಾಳೆ. ಮೂಡಲಗಿಯದಾದರೆ ಸವಿತಾಳ ತೊಡೆಯ ಮೇಲೆ ಕೂತು ಬಸ್ಸಿನಲ್ಲಿ ಹೋಗುತ್ತಾಳೆ. ನನ್ನ ಆಸೆ ಯಾವುದೆಂದು ಬೇರೆ ಹೇಳಬೇಕೆ?

ಬೇರೆಯವರಾದರೆ ಖುದ್ದು ಹೋಗಿ ನೋಡಿ ಬರುತ್ತಿದ್ದರು. ನಾನು ಕಲಾವಿದ. ನನ್ನ ಎರಡು ಸಿಮ್, ಸವಿತಾಳ ಫೋನು, ಒಟ್ಟು ಮೂರು ನಂಬರಿನಿಂದ ಮೂರು ದನಿಯಲ್ಲಿ ವಿಚಾರಿಸಿದೆ. ಒಂದು, ಘೋಡಗೇರಿಯ ಹಲ್ಲಿಲ್ಲದ ಬಡ ಮುದುಕಿ ಆಯಿ. ಎರಡು, ಕಬ್ಬಿನ ಸಾವುಕಾರ. ಮೂರು, ಬೆಂಗಳೂರು ಕಡೆಯ ಬಿಗಿ ಕನ್ನಡದ ಸಾಹೇಬ. ಮನುಷ್ಯರ ಸತ್ಯ ತಿಳಿಯಬೇಕಾದರೆ ಅವರು ಬಡವರಿಗೊಂದು, ಬಲ್ಲಿದರಿಗೊಂದು ಹೇಳುತ್ತಾರೋ ಎಂದು ನೋಡಬೇಕು ಎಂಬುದು ನನ್ನ ಸಿದ್ಧಾಂತ.

ಗೋಕಾಕದವರು ಪರವಾನಗಿಯ ಬಗ್ಗೆ ಆಯಿಗೆ, "ಅದೆಲ್ಲಾ ನಿನಗ್ಯಾಕಬೇ, ಕೂಸಿನ್ನ ಕರಕೊಂಡ ಬಾ" ಎಂದರು. ಸಾವುಕಾರನಿಗೆ, "ಎಲ್ಲಾ ಪಕ್ಕಾ ಐತ್ರಿ." ಸಾಹೇಬನಿಗೆ, "ಅರ್ಜಿ ಹಾಕೇವ್ರಿ ಸರ, ಇನ್ನೇನ ಬಂದಬಿಡತೈತ್ರಿ." ಹುಕ್ಕೇರಿಯಲ್ಲಿ ಕಾಗದ ಇತ್ತು; ಆದರೆ ಆಯಿಗೆ ಇಲ್ಲದ ಜಾಗ ಹತ್ತು ನಿಮಿಷದಲ್ಲಿ ಸಾವುಕಾರನಿಗೆ ಹುಟ್ಟಿಕೊಂಡಿತು.

ಮೂಡಲಗಿಯಲ್ಲಿ ಫೋನ್ ಎತ್ತಿದ್ದು ಮಾದೇವಕ್ಕ. ಆಯಿಗೆ ಹೇಳಿದಳು: "ಹನ್ನೊಂದ ಕೂಸ ಅದಾವು. ನಾವು ಮೂರ ಮಂದಿ ನೋಡ್ಕೊತೇವಿ. ಪರವಾನಗಿ ಎದರ್ಗಿ ಗ್ವಾಡಿ ಮ್ಯಾಲ ಐತಿ, ಬಂದ ನೋಡ್ರಿ." ಸಾವುಕಾರನಿಗೂ ಅದೇ ಹನ್ನೊಂದು, ಅದೇ ಮೂರು, ಅದೇ ಗ್ವಾಡಿ. ಸಾಹೇಬನ ಸರದಿ ಬಂದಾಗ ಅಂದಳು:

"ಮುಂಜಾನಿಂದ ಮೂರನೇ ಸರತಿ ಹೇಳಾಕತ್ತೇನ್ರಿ ಅಣ್ಣಾರ. ಇನ್ನರೆ ನಿಮ್ಮ ದನೀಲೆ ಮಾತಾಡ್ರಿ. ಕೂಸಿಗೆ ಎಷ್ಟ ವರ್ಷ?"

"ಎರಡ್ರಿ ಅಕ್ಕಾರ" ಎಂದೆ. ಬಹಳ ದಿನಗಳ ಮೇಲೆ ನನ್ನ ದನಿ ನನಗೇ ಕೇಳಿಸಿತು. ಅದರಲ್ಲಿ ಅಂಥಾ ವಿಶೇಷವೇನೂ ಇರಲಿಲ್ಲ.

ಹೀಗೆ ನನ್ನ ಸಿದ್ಧಾಂತವೇ ನನ್ನನ್ನು ಸೋಲಿಸಿತು. ಸಾನ್ವಿ ಬಸ್ಸು ಹತ್ತಿದಳು.

ಮೊದಲ ವಾರ ಅತ್ತಳು. ನನಗೆ ಒಳಗೊಳಗೇ ಸಮಾಧಾನ. ಎರಡನೇ ವಾರ ಅಳು ನಿಂತಿತು, ನನ್ನದು ಶುರುವಾಯಿತು. ಮನೆಯಲ್ಲಿ ಬದನೆಕಾಯಿ ಕಂಡರೆ ತಾಟು ನೂಕುತ್ತಿದ್ದವಳು ಅಲ್ಲಿ ಎರಡನೇ ಸಲ ಹಾಕಿಸಿಕೊಳ್ಳುತ್ತಾಳಂತೆ. ಮಾತೆಲ್ಲ 'ಮಾದಕ್ಕ'. ಮಾದಕ್ಕ ಹೂವು ಅಂದಳು, ಮಾದಕ್ಕ ಗುಬ್ಬಿ ತೋರಿಸಿದಳು. ಆ ಗುಬ್ಬಿ ನಮ್ಮ ಅಂಗಳದಲ್ಲೂ ಇದೆಯಲ್ಲ ಎಂದು ಕೂಸಿನ ಜೊತೆ ವಾದಕ್ಕೆ ಇಳಿದಿದ್ದೇನೆ. ಕೋಗಿಲೆ ಕಾಗೆಯ ಗೂಡಿನಲ್ಲಿ ತತ್ತಿ ಇಡುತ್ತದೆ, ಮರಿ ಮೊದಮೊದಲು ಕಾಗೆಯ ಹಾಗೆಯೇ ಕೂಗುತ್ತದೆ ಅನ್ನುತ್ತಾರೆ. ಕಾಗೆ ಮೋಸ ಹೋದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಪಕ್ಕದ ಟೊಂಗೆಯ ಮೇಲೆ ಕೂತು ಆ ಕೂಗು ಕೇಳಿಸಿಕೊಂಡ ಗಂಡು ಕೋಗಿಲೆಯ ಸಂಕಟವನ್ನು ಯಾರೂ ಕೇಳಿಲ್ಲ.

ಒಂದು ದಿನ ಸವಿತಾಗೆ ಕೆಲಸ ಹೆಚ್ಚಿತ್ತು. ಕರೆತರಲು ನಾನು ಹೋದೆ. ಮಾದೇವಕ್ಕ ಸಾನ್ವಿಯ ತಲೆ ಬಾಚುತ್ತಿದ್ದಳು. ಹೊಸ್ತಿಲಲ್ಲಿ ನಿಂತು ನನ್ನ ಸಾಮಾನೆಲ್ಲ ಹೊರತೆಗೆದೆ: ನವಿಲು, ಮಿಕ್ಸರ್, ಕಂಡಕ್ಟರ್, ಚಾಲೂ ಆಗದ ಟ್ರ್ಯಾಕ್ಟರ್. ಹನ್ನೊಂದು ಕೂಸುಗಳು ನೆಲಕ್ಕೆ ಉರುಳಿ ನಕ್ಕವು. ನನ್ನ ಕೂಸು ತಲೆಯೆತ್ತಲಿಲ್ಲ. ಜಡೆ ಮುಗಿದ ಮೇಲೆ ನನ್ನನ್ನು ನೋಡಿ ಮಾದೇವಕ್ಕನ ಸೀರೆಯ ಹಿಂದೆ ಅಡಗಿತು.

"ದಿನಾ ಅವ್ವ ಬರ್ತಾಳಲ್ರಿ, ನೀವ ಬರ್ತೀರಂತ ಅಂದ್ಕೊಂಡಿದ್ದಿಲ್ಲ, ಅದಕ್ಕ ಹಂಗ" ಎಂದಳು ಮಾದೇವಕ್ಕ. ಸಮಾಧಾನಕ್ಕೆ ಹೇಳಿದ ಮಾತು. ನನಗೆ ಮತ್ತಷ್ಟು ಉರಿಯಿತು. ಎದುರಿನ ಗೋಡೆಯ ಪರವಾನಗಿಯನ್ನು ಮೇಲಿನಿಂದ ಕೆಳಗೆ ಓದಿದೆ. ಸಹಿ, ಸಿಕ್ಕಾ, ಅವಧಿ. ಒಂದಾದರೂ ತಪ್ಪು ಸಿಗಲಿ ಎಂದು ಹುಡುಕಿದೆ. ಹೊರಗೆ ನಿಂತ ಬೈಕು ನನ್ನನ್ನೇ ನೋಡುತ್ತಿತ್ತು.

ಮನೆಗೆ ಬಂದು ಸವಿತಾಗೆ ಹೇಳಿದೆ: "ಅಲ್ಲಿ ಗಾಳಿ ಸಾಲದು. ಗೋಕಾಕದವರದೂ ಈಗ ಕಾಗದ ಬಂದೈತಂತ. ಬರೂ ಸೋಮವಾರದಿಂದ ನಾನ ಕರಕೊಂಡ ಹೋಗ್ತೀನಿ." ಗಾಳಿಯ ಮಾತು ಶುದ್ಧ ಸುಳ್ಳು. ಕಾಗದದ ಮಾತೂ ಅಷ್ಟೇ.

ಸವಿತಾ ಉತ್ತರಿಸುವ ಮೊದಲೇ ಸಾನ್ವಿ ಗೊಂಬೆಯನ್ನು ಎದುರಿಗೆ ಕೂರಿಸಿಕೊಂಡಳು. ತೋರುಬೆರಳಿನಿಂದ ಮೂಗಿನ ತುದಿ ಉಜ್ಜಿದಳು. "ಹ್ಞುಂ, ಹ್ಞುಂ" ಎಂದು ಎರಡು ಸಲ ಗಂಟಲು ಸರಿಮಾಡಿಕೊಂಡಳು. ಆಮೇಲೆ ಥೇಟ್ ಮಾದೇವಕ್ಕನ ದನಿಯಲ್ಲಿ: "ಕೈ ತೊಳಿ. ಆಮ್ಯಾಲ ಊಟ."

"ನೋಡು, ಮಾದೇವಕ್ಕನ ಆಗ್ಯಾಳ" ಎಂದೆ, ಸೋತ ವಕೀಲನ ಹಾಗೆ.

ಸವಿತಾ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು. "ಮಾದೇವಕ್ಕ ಆಮ್ಯಾಲ ಆದ್ಲು. ಮದ್ಲ ಮೂಗ ತಿಕ್ಕೊಂಡ ಕೆಮ್ಮಿದ್ದು ಯಾರು? ದನಿ ತಗಿಯೂ ಮುಂದ ನೀವು ದಿನಾ ಹಂಗ ಮಾಡಂಗಿಲ್ಲೇನು?"

ನಾನು ಹಾಗೆ ಮಾಡುತ್ತೇನೆಂದು ನನಗೆ ಗೊತ್ತಿರಲಿಲ್ಲ. ಆಯಿಯಾಗುವ ಮೊದಲು, ಸಾವುಕಾರನಾಗುವ ಮೊದಲು, ಸಾಹೇಬನಾಗುವ ಮೊದಲು ಎರಡೆರಡು ಕೆಮ್ಮು. ಮಾದೇವಕ್ಕ ಫೋನಿನಲ್ಲಿ ಹಿಡಿದದ್ದೂ ಅದನ್ನೇ ಇರಬೇಕು. ಊರವರ ದನಿಯೆಲ್ಲ ಕದ್ದು ಮನೆ ತುಂಬಿಸಿದವನ ಬಳಿ ಸ್ವಂತದ್ದು ಅಂತ ಇದ್ದದ್ದು ಇಷ್ಟೇ, ಒಂದು ಕೆಮ್ಮು. ಮಗಳು ಅದನ್ನೇ ಎತ್ತಿಕೊಂಡಿದ್ದಳು.

ಗೋಕಾಕದ ಮಾತು ನಾನು ಮತ್ತೆ ಎತ್ತಲಿಲ್ಲ. ಸೋಮವಾರ ಸಾನ್ವಿ ಬಸ್ಸಿನಲ್ಲೇ ಮೂಡಲಗಿಗೆ ಹೋದಳು. ನಾನು ಬೈಕಿನ ಲೈಸೆನ್ಸಿಗೆ ಅರ್ಜಿ ಹಾಕಲು ಹೋದೆ.

ಹೊಟ್ಟೆಕಿಚ್ಚು ಆರಿತೇ ಎಂದು ಕೇಳಬೇಡಿ. ಆ ದಿನದಿಂದ ಬಚ್ಚಲಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾದೇವಕ್ಕನ ದನಿ ಕಲಿಯುತ್ತಿದ್ದೇನೆ. ಏನು ಮಾಡಿದರೂ ಮಗಳಷ್ಟು ಚೆನ್ನಾಗಿ ಬರುತ್ತಿಲ್ಲ.